ಕತ್ತೆಮರಿ ಬೆನ್ನು ತಿರುಗಿಸಿದಾಗ

ಸಂವಹನ ವಿಭಾಗದ ಆ ಪ್ರಾಧ್ಯಾಪಕಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಪುರಾವೆ ಮೇಡಂ. ಯಾರು ಏನೇ ಹೇಳಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ "ಪುರಾವೆ ಎಲ್ಲಿ?" ಎನ್ನುತ್ತಿದ್ದರು. ಹೊರಗೆ ಮಳೆ, ಅದಕ್ಕೇ ತಡವಾಯಿತು ಎಂದವನ ಕೊಡೆಯನ್ನು ಮುಟ್ಟಿ ನೋಡಿದ ಹೆಂಗಸು ಅವರು. ಅವರು ನಡೆಸುತ್ತಿದ್ದದ್ದು ಜನಪ್ರಿಯ ಸಂಸ್ಕೃತಿಯ ಸೆಮಿನಾರು. ಹೆಸರು ಕೇಳಿದರೆ ಸಾಕು, ಪಕ್ಕದ ವಿಭಾಗಗಳವರು ಮೂಗು ಮುರಿಯುತ್ತಿದ್ದರು. ಸಿನಿಮಾ ನೋಡಿದ್ದಕ್ಕೆ, ಧಾರಾವಾಹಿ ನೋಡಿ ಅತ್ತದ್ದಕ್ಕೆ, ಜಾಹೀರಾತಿನ ಹಾಡು ಗುನುಗಿದ್ದಕ್ಕೆಲ್ಲ ಅಲ್ಲಿ ಅಂಕ ಕೊಡುತ್ತಾರಂತೆ ಎಂದು ಕ್ಯಾಂಟೀನಿನಲ್ಲಿ ಮಾತು. ಹಾಗೆಂದವರನ್ನು ಒಂದು ದಿನ ಹಿಡಿದು ತಂದು ಆ ಕೋಣೆಯಲ್ಲಿ ಕೂರಿಸಬೇಕಿತ್ತು. ಅವರ ನಗು ಅಲ್ಲೇ ಇಂಗಿಹೋಗುತ್ತಿತ್ತು.

ಏಕೆಂದರೆ ಆ ಕೋಣೆಯಲ್ಲಿ ತಕರಾರುದಾರ ಎಂಬ ಪದ್ಧತಿಯೊಂದಿತ್ತು. ಪ್ರಬಂಧ ಮಂಡಿಸುವ ಪ್ರತಿಯೊಬ್ಬರ ಎದುರಿಗೂ ಸಹಪಾಠಿಯೊಬ್ಬರನ್ನು ಕೂರಿಸುತ್ತಿದ್ದರು. ಅವರ ಕೆಲಸ ವಾದದಲ್ಲಿ ತೂತು ಹುಡುಕುವುದು. ತೂತು ದೊಡ್ಡದಾದಷ್ಟೂ ಅವರ ಅಂಕ ಹೆಚ್ಚು. ಅದನ್ನು ಮುಚ್ಚಲಾಗದಿದ್ದರೆ ವಾದ ಬಿತ್ತು ಎಂದು ಲೆಕ್ಕ, ಬಿದ್ದ ವಾದಕ್ಕೆ ವಿಭಾಗದ ವಾರ್ಷಿಕ ಸಂಪುಟದಲ್ಲಿ ಜಾಗವಿಲ್ಲ. ಈ ಸಲ ಗುಬ್ಬಿಯ ಎದುರು ಕೂತವನು ಏಣಿ. ಹೆಸರೇ ಹೇಳುವಂತೆ ಆರಡಿ ಮೀರಿದ ಹುಡುಗ, ಗುಬ್ಬಿಯ ಜೊತೆ ದಿನಾ ಒಂದೇ ಬಸ್ಸಿನಲ್ಲಿ ಬರುವವನು, ಅವಳ ಡಬ್ಬಿಯ ಅರ್ಧ ಊಟ ಅವನ ಹೊಟ್ಟೆಗೇ. ಆದರೆ ತಕರಾರಿನ ವಿಷಯ ಬಂದಾಗ ಉಂಡ ಮನೆಯ ಜಂತೆ ಎಣಿಸಲು ಅವನು ಹಿಂದೆ ಮುಂದೆ ನೋಡುವವನಲ್ಲ.

ಗುಬ್ಬಿ ಎಂಬುದು ಮನೆಯಲ್ಲಿ ಕರೆಯುವ ಹೆಸರು, ತರಗತಿಗೂ ಅದು ಹೇಗೋ ಹಾರಿಬಂದಿತ್ತು. ಅವಳು ಆರಿಸಿಕೊಂಡ ವಿಷಯ ಒಂದು ಕಾರ್ಟೂನು. ಎಲ್ಲೋ ದೂರದ ದೇಶದಲ್ಲಿ ತಯಾರಾಗಿ, ಇಲ್ಲಿನ ಭಾಷೆಗೆ ಡಬ್ ಆಗಿ, ಒಂದು ಇಡೀ ತಲೆಮಾರನ್ನು ಟಿವಿಯ ಮುಂದೆ ಕೂರಿಸಿದ್ದ ಕತ್ತೆಮರಿಯ ಕಾರ್ಟೂನು. ಈ ಕತ್ತೆಮರಿ ಮಹಾ ತುಂಟ. ಯಜಮಾನ ಕೆಲಸ ಹೇಳಿದರೆ ಬೆನ್ನು ತಿರುಗಿಸಿ ನಡೆಯುತ್ತಾ, "ಹೋಗ್ತಾ ಇದೀನಿ. ನೀವು ಹೇಳಿದ್ದಕ್ಕಲ್ಲ" ಎನ್ನುತ್ತದೆ. ಬೈದರೆ, "ಏನಿದ್ರೂ ಬಾಲಕ್ಕೆ ಹೇಳಿ, ಕಿವಿ ರಜೆ ಮೇಲಿದೆ" ಎನ್ನುತ್ತದೆ. ಪುಸಲಾಯಿಸಿದರೆ, "ಹೊಗಳಿದ್ರೆ ಸಾಲದು, ಹುಲ್ಲೂ ಹಾಕಿ." ಈ ಮಾತುಗಳು ಟಿವಿಯಿಂದ ಇಳಿದು ಬೀದಿಗೆ ಬಂದು ಎಷ್ಟೋ ಕಾಲವಾಗಿತ್ತು. ಸಂಬಳ ಹೆಚ್ಚಿಸಿ ಎಂದು ಕೂತ ಕಾರ್ಖಾನೆಯವರು ಹುಲ್ಲಿನ ಮಾತನ್ನು ಹಲಗೆಯ ಮೇಲೆ ಬರೆದು ಹಿಡಿದಿದ್ದರು. ಗಂಡನ ಮೇಲೆ ಮುನಿಸಿಕೊಂಡ ಹೆಂಡತಿಯರ ಕಿವಿಗಳು ರಜೆಯ ಮೇಲೆ ಹೋಗುತ್ತಿದ್ದವು. ಬಸ್ಸಿನಲ್ಲಿ ಒಳಗೆ ಸರಿಯಿರಿ ಎಂದು ಕಂಡಕ್ಟರು ಗದರಿದರೆ, ಸರಿಯುತ್ತಾ ಯಾರಾದರೊಬ್ಬರು "ನೀವು ಹೇಳಿದ್ದಕ್ಕಲ್ಲ" ಎಂದು ಹೇಳಿಯೇ ತೀರುತ್ತಿದ್ದರು.

ಆ ಕತ್ತೆಮರಿಯ ದನಿ ಗುಬ್ಬಿಯ ಅಮ್ಮನದು.

ಇದನ್ನು ಹೇಳಿಕೊಂಡು ಮೆರೆಯುವ ಮನೆಯಲ್ಲ ಅದು. ಅಪ್ಪ ಸರಕಿನ ಲಾರಿ ಓಡಿಸುವವರು, ವಾರಗಟ್ಟಲೆ ಮನೆಯ ಮುಖ ನೋಡದವರು. "ನಮ್ಮನೇಲಿ ಎರಡು ಕತ್ತೆ ಇವೆ, ಒಂದು ಹೊರುತ್ತೆ, ಒಂದು ಮಾತಾಡುತ್ತೆ" ಎಂದು ಅವರ ತಮಾಷೆ. ಸೋದರತ್ತೆಯದು ಬೇರೆ ರೀತಿ. ಬಂಧುಗಳ ನಡುವೆ ಮಾತು ಬಂದರೆ, "ನಮ್ಮತ್ತಿಗೆಗೆ ಯಾವುದೋ ಆಫೀಸಲ್ಲಿ ಕೆಲಸ" ಎಂದು ತೇಲಿಸಿಬಿಡುತ್ತಿದ್ದರು. ಕತ್ತೆಯ ಕಾರ್ಟೂನಿಗೆ ಅವರ ಮಕ್ಕಳು ಬಿದ್ದು ಬಿದ್ದು ನಗುವಾಗ ಅತ್ತೆಯೂ ಸೆರಗಿನಲ್ಲಿ ನಗು ಒರೆಸಿಕೊಳ್ಳುತ್ತಿದ್ದರು, ಅದು ಬೇರೆ ಮಾತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ. ಅಮ್ಮನಂತೂ ಮಹಾ ಸಂಕೋಚದವಳು. ಯಾರಾದರೂ ಮುಖ ನೋಡುತ್ತಿದ್ದರೆ ಅವಳಿಗೆ ಕತ್ತೆಯ ದನಿಯೇ ಬಾರದು. ಗುಬ್ಬಿ ಚಿಕ್ಕವಳಿದ್ದಾಗ ಕಾಡಿಬೇಡಿದರೆ, ಅಮ್ಮ ಒಲೆಯ ಕಡೆ ತಿರುಗಿಯೋ ಗೋಡೆಯ ಕಡೆ ತಿರುಗಿಯೋ ಒಂದು ಮಾತು ಆಡಿ, ಏನೂ ಆಗಿಲ್ಲವೆಂಬಂತೆ ಸೌಟು ಹಿಡಿಯುತ್ತಿದ್ದಳು. ಕಾರ್ಟೂನಿನ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅನುವಾದಕರ ಹೆಸರಿತ್ತು, ಸ್ಟುಡಿಯೋದ ಹೆಸರಿತ್ತು, ಅಮ್ಮನ ಹೆಸರಿರಲಿಲ್ಲ.

ಕಾರ್ಟೂನು ಏಕೆ ಇಷ್ಟು ಜನಪ್ರಿಯವಾಯಿತು ಎಂಬುದಷ್ಟೇ ಗುಬ್ಬಿಯ ಮೊದಲ ಪ್ರಶ್ನೆಯಾಗಿತ್ತು. ಅದಕ್ಕಾಗಿ ಮೂಲ ಭಾಷೆಯ ಪ್ರತಿಯನ್ನು ವಿಭಾಗದ ಲ್ಯಾಬಿನಲ್ಲಿ ಕೂತು ನೋಡತೊಡಗಿದಳು. ಯಜಮಾನ ಕೂಗಿದ, ಕತ್ತೆಮರಿ ಬೆನ್ನು ತಿರುಗಿಸಿ ನಡೆಯಿತು. ಮಾತೇ ಇಲ್ಲ. ಗುಬ್ಬಿ ಹೆಡ್‌ಫೋನಿನ ವೈರು ಅಲುಗಾಡಿಸಿದಳು. ಎದ್ದುಹೋಗಿ ಇನ್ನೊಂದು ಹೆಡ್‌ಫೋನು ತಂದಳು. ಅದರಲ್ಲೂ ಇಲ್ಲ. ಲ್ಯಾಬು ನೋಡಿಕೊಳ್ಳುವವರ ಹತ್ತಿರ ಹೋಗಿ ಯಂತ್ರ ಕೆಟ್ಟಿದೆ ಎಂದು ಜಗಳವನ್ನೂ ಆಡಿಬಂದಳು. ಅವರು ಬಂದು ಕೇಳಿ, "ಹಕ್ಕಿ ಕೂಗೋದು ಕೇಳ್ತಿದೆ, ಗಾಳಿ ಕೇಳ್ತಿದೆ, ಯಂತ್ರ ಸರಿಯಾಗೇ ಇದೆಯಲ್ಲಮ್ಮ" ಎಂದರು. ಆಗ ಗುಬ್ಬಿಗೆ ಅರ್ಥವಾಯಿತು. ಮೂಲದ ಕತ್ತೆಮರಿ ಅಲ್ಲಿ ಏನನ್ನೂ ಹೇಳುವುದೇ ಇಲ್ಲ. ಹುಟ್ಟಿದಾಗಿನಿಂದ ಅಮ್ಮನ ಕತ್ತೆಯನ್ನೇ ಕೇಳಿ ಬೆಳೆದವಳಿಗೆ, ಅದು ಸುಮ್ಮನಿರಬಲ್ಲದು ಎಂಬುದೇ ಹೊಳೆದಿರಲಿಲ್ಲ.

ಮತ್ತೆ ಮೊದಲಿನಿಂದ ಕೂತು ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಕತ್ತೆಮರಿಯ ಮುಖ ಕಾಣುವಲ್ಲೆಲ್ಲ ಎರಡರಲ್ಲೂ ಮಾತು ಒಂದೇ, ಡಬ್ಬಿಂಗಿನಲ್ಲಿ ತುಟಿಗೆ ತಕ್ಕಂತೆ ಮಾತು ಕೂರಿಸಲೇಬೇಕು. ಬೆನ್ನು ಕಂಡಾಗ ತುಟಿ ಕಾಣುವುದಿಲ್ಲ, ತುಟಿ ಕಾಣದಿದ್ದರೆ ಏನನ್ನಾದರೂ ಹೇಳಬಹುದು. ಜನರ ಬಾಯಲ್ಲಿ ಉಳಿದ ಮಾತುಗಳೆಲ್ಲ ಆ ಬೆನ್ನಿನ ಹಿಂದಿನವೇ. ನಾಡೆಲ್ಲ ಆಡುವ ಮಾತನ್ನು ಪರದೇಶದವರು ಬರೆದಿರಲಿಲ್ಲ. ಇಲ್ಲೇ ಯಾರೋ, ಒಂದು ಚಿಕ್ಕ ಕತ್ತಲೆ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ಕತ್ತೆ ಬೆನ್ನು ತಿರುಗಿಸುವುದನ್ನೇ ಕಾದು ಸೇರಿಸಿದ್ದರು. ಯಾರೋ ಏನು, ಗುಬ್ಬಿಗೆ ಆ ನಾಲಿಗೆಯ ರುಚಿ ಗೊತ್ತಿರಲಿಲ್ಲವೆ. ಅಂದಿನಿಂದ ಅವಳ ಪ್ರಬಂಧ ಬೇರೆಯಾಯಿತು. ಈ ಮಾತುಗಳ ಕರ್ತೃ ದನಿ ಕೊಟ್ಟವಳೇ ಎಂದು ಸಾಧಿಸಬೇಕು, ಸಂಪುಟದಲ್ಲಿ ಅಮ್ಮನ ಹೆಸರು ಒಂದು ಸಲವಾದರೂ ಅಚ್ಚಾಗಬೇಕು. ಅವಳಿಗೆ ಬೇರೇನೂ ಬೇಡವಾಗಿತ್ತು.

ಸಂಜೆ ಮನೆಗೆ ಬಂದವಳೇ ಅಮ್ಮನನ್ನು ಹಿಡಿದಳು.

"ಹುಲ್ಲಿನ ಮಾತು ನಿಂದೇ ಅಲ್ವಾ?"

ಅಮ್ಮ ಒಗೆದ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಕಾಗದದಲ್ಲಿ ಇದ್ದದ್ದನ್ನ ಓದ್ದೆ ಅಷ್ಟೇ."

"ಕಾಗದದಲ್ಲಿ ಇರೋಕೆ ಸಾಧ್ಯಾನೇ ಇಲ್ಲ. ಮೂಲದಲ್ಲಿ ಅಲ್ಲಿ ಮಾತೇ ಇಲ್ಲ."

"ಅನುವಾದಕರು ಸೇರಿಸಿರಬಹುದು. ದೊಡ್ಡ ಮನುಷ್ಯರು ಅವರು. ಅವರು ಮಾಡಿದ್ದನ್ನ ನಂದು ಅನ್ನೋಕೆ ನಂಗೇನು ಗ್ರಹಚಾರ? ನೀನು ಓದೋದು ಓದು, ನನ್ನನ್ನ ಯಾಕೆ ಎಳೀತೀಯ."

ಬಾಯಿಗೆ ಬಂದದ್ದನ್ನು ಸೇರಿಸಬಾರದು ಎಂಬುದು ಆ ಕಾಲದ ಸ್ಟುಡಿಯೋದ ಕಟ್ಟಪ್ಪಣೆಯಾಗಿತ್ತು. ಅಮ್ಮ ಆಗ ಕದ್ದು ಮಾಡಿದ ತುಂಟಾಟವನ್ನು ಈಗ ಕೆಲಸ ಎಂದು ಒಪ್ಪಿಕೊಳ್ಳಲು ಅವಳ ಮನಸ್ಸು ಬಗ್ಗಲಿಲ್ಲ. ಗುಬ್ಬಿ ಅನ್ನ ಬಿಡುವ ಬೆದರಿಕೆ ಹಾಕಿದಳು. ಅಮ್ಮ ತಟ್ಟೆ ಮುಂದಿಟ್ಟು ಒಳಗೆ ಹೋದಳು.

ಪುರಾವೆ ಮೇಡಂ ಇನ್ನೂ ಗಟ್ಟಿ. ಅವರ ಕೋಣೆಯಲ್ಲಿ ನಿಂತು ಗುಬ್ಬಿ ಎಲ್ಲವನ್ನೂ ಹೇಳಿದಾಗ ಅವರ ಕಣ್ಣು ಮಿಂಚಿದ್ದು ನಿಜ. ಆದರೆ ಕನ್ನಡಕ ಕೆಳಗಿಳಿಯಿತು.

"ವಿಷಯ ಬಂಗಾರದಂಥದು. ಆದ್ರೆ ಒಂದು ಷರತ್ತು. ನಿಮ್ಮಮ್ಮ ಹೇಳಿದ್ರು ಅನ್ನೋದು ಪುರಾವೆ ಅಲ್ಲ."

"ಅವರು ಹೇಳೋದೇ ಇಲ್ಲ ಮೇಡಂ. ಇಲ್ಲ ಅಂತಾರೆ."

"ಹಾಗಾದ್ರೆ ಇನ್ನೂ ಒಳ್ಳೇದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಮಕ್ಕಳಿಗೂ ಅಷ್ಟೇನೇ. ಅಮ್ಮನ್ನ ಪಕ್ಕಕ್ಕಿಟ್ಟು ಸಾಧಿಸು. ಸಾಧಿಸಿದ್ರೆ ಆಗ ನಾನೇ ನಿನ್ನ ಪರ ನಿಲ್ತೀನಿ."

ಮಂಡನೆಯ ದಿನ ಕೋಣೆ ತುಂಬಿತ್ತು. ಕೊನೆಯ ಸೆಮಿನಾರುಗಳಿಗೆ ಯಾರು ಬೇಕಾದರೂ ಬಂದು ಕೂರಬಹುದು ಎಂಬುದು ವಿಭಾಗದ ವಾಡಿಕೆ. ಮೂಗು ಮುರಿಯುವ ಪಕ್ಕದ ವಿಭಾಗದವರೂ ಕತ್ತೆಯ ಹೆಸರು ಕೇಳಿ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಅವರ ನಡುವೆ, ಕಿಟಕಿಯ ಪಕ್ಕ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಅಮ್ಮ. ಬರುವುದಿಲ್ಲ ಎಂದು ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿದ್ದವಳು. ಬಾಗಿಲಲ್ಲಿ ಮಗಳು ಹುಬ್ಬೇರಿಸಿದಾಗ, "ಈ ಕಡೆ ಬರೋದಿತ್ತು" ಎಂದಷ್ಟೇ ಹೇಳಿ ಒಳಗೆ ನುಗ್ಗಿದ್ದಳು. ಅವಳು ಯಾರೆಂದು ಕೋಣೆಯಲ್ಲಿ ಏಣಿಗೊಬ್ಬನಿಗೆ ಗೊತ್ತಿತ್ತು. ಅವನು ಎದ್ದು ನಮಸ್ಕಾರ ಮಾಡಿ ಮತ್ತೆ ತಕರಾರಿನ ಕುರ್ಚಿಯಲ್ಲಿ ಕೂತ.

ಗುಬ್ಬಿ ಚೆನ್ನಾಗಿಯೇ ಶುರುಮಾಡಿದಳು. ಎರಡು ಪ್ರತಿಗಳ ತುಣುಕುಗಳನ್ನು ಪರದೆಯ ಮೇಲೆ ಒಂದರ ಹಿಂದೊಂದು ಓಡಿಸಿದಳು. ಮೂಲದ ಕತ್ತೆ ಮೂಕವಾಗಿ ನಡೆದುಹೋಯಿತು. ಇಲ್ಲಿನ ಕತ್ತೆ ಬಾಲ ಬೀಸುತ್ತಾ ಹುಲ್ಲು ಕೇಳಿತು. ಕೋಣೆಯಿಡೀ ಆ ಮಾತನ್ನು ಕತ್ತೆಗಿಂತ ಮೊದಲೇ ಹೇಳಿ ನಕ್ಕಿತು. ಹಿಂದಿನ ಬೆಂಚಿನಲ್ಲಿ ಗಂಭೀರ ಮುಖ ಹೊತ್ತು ಬಂದವರೂ ನಕ್ಕರು. ಕಾರ್ಖಾನೆಯ ಹಲಗೆಗಳ ಚಿತ್ರ ಬಂತು, ಜನ ಈ ಮಾತುಗಳನ್ನು ಎಲ್ಲೆಲ್ಲಿ ಹೇಗೆ ಬಳಸುತ್ತಾರೆಂಬ ವಿವರ ಬಂತು. ದೊಡ್ಡವರ ಮಾತಿಗೆ ಎದುರಾಡಲಾಗದ ಮಕ್ಕಳಿಗೆ ಈ ಕತ್ತೆ ಎದುರಾಡುವ ದಾರಿ ಕೊಟ್ಟಿತು, ಕೆಲಸವನ್ನೂ ಮಾಡು, ಮಾನವನ್ನೂ ಉಳಿಸಿಕೊ ಎಂದು ಹೇಳಿಕೊಟ್ಟಿತು ಎಂದು ಗುಬ್ಬಿ ವಿವರಿಸಿದಾಗ ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ ಅವಳು ತನ್ನ ವಾದವನ್ನು ಮುಂದಿಟ್ಟಳು. ಈ ಮಾತುಗಳನ್ನು ಕಟ್ಟಿದವರು ದನಿ ಕೊಟ್ಟ ಕಲಾವಿದೆ.

ಏಣಿ ಎದ್ದುನಿಂತ. ನಿಂತರೆ ಅವನ ತಲೆ ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬರುತ್ತಿತ್ತು, ಆದ್ದರಿಂದ ಸ್ವಲ್ಪ ಬಗ್ಗಿಯೇ ಕೇಳಿದ.

"ಮಾತುಗಳನ್ನ ಇಲ್ಲೇ ಸೇರಿಸಿದ್ದು ಅನ್ನೋದನ್ನ ಒಪ್ಪಿದೆ. ಅದು ಪೂರ್ತಿ ಸಾಬೀತಾಗಿದೆ. ಆದ್ರೆ ಸೇರಿಸಿದವರು ದನಿ ಕೊಟ್ಟವರೇ ಅಂತ ಹೇಗೆ ಹೇಳ್ತೀಯ? ಅನುವಾದಕರು ಯಾಕಾಗಿರಬಾರದು? ಬರೆಯೋದು ಅವರ ಕೆಲಸ. ತುಟಿ ಕಾಣಲ್ಲ ಅನ್ನೋದು ಅವರಿಗೂ ಗೊತ್ತಿರುತ್ತೆ."

ಅನುವಾದಕರು ತೀರಿಕೊಂಡು ವರ್ಷಗಳಾಗಿದ್ದವು, ಅಂದಿನ ಹಾಳೆಗಳನ್ನು ಸ್ಟುಡಿಯೋದವರು ಎಂದೋ ರದ್ದಿಗೆ ಹಾಕಿದ್ದರು. ಉಳಿದ ಒಂದೇ ಸಾಕ್ಷಿ ಕಿಟಕಿಯ ಪಕ್ಕ ಕೂತಿತ್ತು, ಅದು ಪುರಾವೆಯಾಗಲಾರದು, ಆಗಲು ಅದಕ್ಕೆ ಇಷ್ಟವೂ ಇಲ್ಲ. ಗುಬ್ಬಿ ಟಿಪ್ಪಣಿಯ ಹಾಳೆಗಳನ್ನು ತಿರುವಿದಳು. ಅಷ್ಟು ದಿನ ಡಬ್ಬಿಯಲ್ಲಿ ಅರ್ಧ ಪಾಲು ಕೊಟ್ಟಿದ್ದಕ್ಕೆ ಒಳ್ಳೆಯ ಉಪಕಾರ ಮಾಡಿದೆ ಎಂದು ಏಣಿಯನ್ನು ಮನಸ್ಸಿನಲ್ಲೇ ಬೈದುಕೊಂಡಳು. ಅಮ್ಮನ ಕಡೆ ನೋಡಿದಳು. ಅಮ್ಮ ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದಳು, ಮಗಳ ಸೋಲು ಕಣ್ಣೆದುರು ಬರುತ್ತಿರುವುದನ್ನು ಕಂಡು ಅವಳ ಮುಖ ಬಾಡಿತ್ತು.

"ಇನ್ನೇನಾದರೂ ಇದೆಯಾ?" ಎಂದರು ಮೇಡಂ. ದನಿಯಲ್ಲಿ ಕರುಣೆಯಿತ್ತು, ಅದೇ ಗುಬ್ಬಿಗೆ ಹೆಚ್ಚು ಚುಚ್ಚಿತು.

ಆಗ ಅವಳಿಗೆ ಸುಳ್ಳುಕತ್ತೆ ನೆನಪಾಯಿತು.

ಅವಳು ಶಾಲೆಗೆ ಸೇರಿದ ಹೊಸದರಲ್ಲಿ ಕೆಲವು ಕಂತುಗಳಿಗೆ ಬೇರೆ ಯಾರೋ ದನಿ ಕೊಟ್ಟಿದ್ದರು. ಮರುಪ್ರಸಾರದಲ್ಲಿ ಅವು ಬಂದಾಗಲೆಲ್ಲ ಪುಟ್ಟ ಗುಬ್ಬಿ, ಇದು ಸುಳ್ಳುಕತ್ತೆ ಎಂದು ಟಿವಿ ಆರಿಸಿಬಿಡುತ್ತಿದ್ದಳು. ದೊಡ್ಡವಳಾಗಿ ಸಂಶೋಧನೆಗೆ ಕೂತಾಗಲೂ ಅದೇ ಹಟ ಕೈಹಿಡಿದು ನಡೆಸಿತ್ತು. ದನಿ ಬೇರೆ, ನನ್ನ ವಿಷಯಕ್ಕೆ ಸಂಬಂಧವಿಲ್ಲ ಎಂದು ಆ ಕಂತುಗಳನ್ನು ತೆರೆದೂ ನೋಡಿರಲಿಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗಾಗಿತ್ತು.

"ಮೇಡಂ, ಇನ್ನೊಂದು ಕಂತು ಹಾಕಬಹುದಾ? ಅದಕ್ಕೆ ಬೇರೆಯವರು ದನಿ ಕೊಟ್ಟಿದಾರೆ. ಅನುವಾದ ಮಾತ್ರ ಎಲ್ಲ ಕಂತುಗಳದೂ ಒಬ್ಬರದೇ."

"ಅದರಲ್ಲಿ ಏನಿದೆ?"

"ಗೊತ್ತಿಲ್ಲ ಮೇಡಂ. ನಾನು ನೋಡಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡದೇ ಇರೋದನ್ನ ತೋರಿಸ್ತೀಯ. ಅದರಲ್ಲೂ ಬೆನ್ನು ತಿರುಗಿಸಿದ ಕತ್ತೆ ಮಾತಾಡಿದ್ರೆ ನಿನ್ನ ವಾದ ಅಲ್ಲಿಗೆ ಮುಗೀತು. ಆಮೇಲೆ ನನ್ನನ್ನ ಕೇಳಬೇಡ."

"ಆಗಲಿ ಮೇಡಂ."

ಲ್ಯಾಬಿನಿಂದ ಕಂತು ಬಂತು. ಏಣಿಯೇ ಎದ್ದು ಬಂದು ಹಾಕಿಕೊಟ್ಟ. ಪರದೆಯ ಮೇಲೆ ಯಜಮಾನ ಕೂಗಿದ. ಕತ್ತೆಮರಿ ಮುಖ ತೋರಿಸಿ ಬೇರೆ ಯಾರದೋ ದನಿಯಲ್ಲಿ ಒಂದು ಮಾತಾಡಿತು, ಆಮೇಲೆ ಬೆನ್ನು ತಿರುಗಿಸಿತು. ಗಾಳಿ ಬೀಸಿತು, ಹಕ್ಕಿ ಕೂಗಿತು, ಕತ್ತೆಮರಿ ಬಾಲ ಆಡಿಸುತ್ತಾ ದಿಬ್ಬ ಹತ್ತಿ ಹೋಯಿತು. ಮಾತಿಲ್ಲ. ಮುಂದೆ ಯಜಮಾನ ಪುಸಲಾಯಿಸಿದ, ಅದು ಮತ್ತೆ ಬೆನ್ನು ತಿರುಗಿಸಿತು. ಮಾತಿಲ್ಲ. ಅಭ್ಯಾಸದ ಬಲದಿಂದ ಹಿಂದಿನ ಬೆಂಚಿನವರೊಬ್ಬರು ಹುಲ್ಲಿನ ಮಾತನ್ನು ಅರ್ಧ ಹೇಳಿ, ಕತ್ತೆ ಕೈಕೊಟ್ಟಿದ್ದರಿಂದ ಒಬ್ಬರೇ ಸಿಕ್ಕಿಬಿದ್ದರು. ಏಣಿ ಇನ್ನೊಂದು ಕಂತು ಹಾಕಿದ, ಅದರಾಚೆಯದನ್ನೂ ಹಾಕಿದ. ಎಲ್ಲೂ ಸುಳ್ಳುಕತ್ತೆ ಬೆನ್ನಿನ ಹಿಂದೆ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಯಲ್ಲಿ ಹೆಸರುಗಳು ಓಡಿದವು, ಅನುವಾದಕರ ಹೆಸರು ಎಂದಿನಂತೆ ಅಲ್ಲೇ ಇತ್ತು.

ಏಣಿ ಪೂರ್ತಿ ನೆಟ್ಟಗೆ ನಿಂತ. ಅವನ ತಲೆಯ ನೆರಳು ಪರದೆಯ ಮೇಲೆ ಬಿತ್ತು.

"ಅನುವಾದಕರು ಅವರೇ, ಚಿತ್ರ ಅದೇ, ದನಿ ಹೋದ ಕೂಡಲೆ ಮಾತೂ ಹೋಯ್ತು. ನನ್ನ ತಕರಾರು ವಾಪಸ್ಸು ಮೇಡಂ. ನನ್ನ ಅಂಕ ಹೋದ್ರೆ ಹೋಗಲಿ."

ಮೇಡಂ ಎದ್ದುನಿಂತರು. ಇಷ್ಟು ವರ್ಷಗಳ ಸೆಮಿನಾರಿನಲ್ಲಿ ಅವರು ಯಾರಿಗೂ ಎದ್ದು ನಿಂತವರಲ್ಲ. "ವಾದ ನಿಂತಿದೆ" ಎಂದರು. "ಸಂಪುಟದಲ್ಲಿ ಮೊದಲ ಪ್ರಬಂಧ ಇದೇ. ಕಲಾವಿದೆಯ ಹೆಸರು ಶೀರ್ಷಿಕೆಯ ಕೆಳಗೇ ಬರಬೇಕು." ಗುಬ್ಬಿಗೆ ಹೆಮ್ಮೆ ಉಕ್ಕಿಬಂದು, ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಮೈಕಿನ ವೈರು ಹಿಡಿದುಕೊಂಡು ನಿಂತಳು.

"ಒಂದು ಪ್ರಶ್ನೆ ಉಳೀತು" ಎಂದರು ಮೇಡಂ. "ಆ ಕಂತುಗಳಲ್ಲಿ ದನಿ ಯಾಕೆ ಬದಲಾಯ್ತು?"

"ಗೊತ್ತು ಮೇಡಂ. ಆದ್ರೆ ಅದಕ್ಕೆ ಪುರಾವೆ ಇಲ್ಲ."

"ಪರವಾಗಿಲ್ಲ, ಹೇಳು. ಇವತ್ತು ಕೇಳ್ತೀನಿ."

"ನಂಗೆ ಟೈಫಾಯ್ಡ್ ಆಗಿತ್ತು. ಅಪ್ಪ ಲಾರಿ ಮೇಲೆ ಹೋಗಿದ್ರು. ಅಮ್ಮ ಕೆಲಸ ಬಿಟ್ಟು ಆಸ್ಪತ್ರೇಲಿ ನನ್ನ ಪಕ್ಕ ಇದ್ರು." ಗುಬ್ಬಿ ಮೈಕಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಔಷಧಿ ಕುಡೀತಿರಲಿಲ್ಲ. ಅಮ್ಮ ನಂಗೆ ಬೆನ್ನು ಹಾಕಿ ಕಿಟಕಿ ಕಡೆ ತಿರುಗಿ ನಿಲ್ಲೋರು. ಆಗ ಕತ್ತೆ ಮಾತಾಡೋದು. ಒಂದು ಮಾತಿಗೆ ಒಂದು ಚಮಚ. ಟಿವಿಯಲ್ಲಿ ಕತ್ತೆ ಯಾಕೆ ಸುಮ್ಮನಿತ್ತು ಅಂದ್ರೆ, ಅಷ್ಟೂ ದಿನ ಅದು ನಂಜೊತೆ ಇತ್ತು."

ಎಲ್ಲರ ತಲೆಗಳೂ ಏಣಿ ನೋಡುತ್ತಿದ್ದ ಕಡೆಗೆ, ಕಿಟಕಿಯ ಕಡೆಗೆ ತಿರುಗಿದವು. ಅಮ್ಮ ತಲೆ ತಗ್ಗಿಸಿದಳು. ಸಿಕ್ಕಿಬಿದ್ದ ಮಗುವಿನಂತೆ ಅವಳ ಕಿವಿ ಕೆಂಪಾಗಿತ್ತು. ಮೇಡಂ ಬೆಂಚುಗಳ ನಡುವೆ ನಡೆದು ಹೋಗಿ ಅವಳ ಮುಂದೆ ನಿಂತು ಕೈ ಮುಗಿದರು.

"ನಮ್ಮ ಮಗನ್ನ ಟಿವಿ ಮುಂದೆ ಕೂರಿಸಿ ಬೆಳೆಸಿದ್ದು ನೀವು. ನಾನು ಬರೀ ಊಟ ಹಾಕಿದ್ದು. ಒಂದೇ ಒಂದು ಮಾತು ಕೇಳಿಸಬಹುದಾ?"

"ಅಯ್ಯೋ, ಬೇಡ ಮೇಡಂ. ಕಾಗದ ಇಲ್ದೇ ನಂಗೆ ಬರಲ್ಲ" ಎಂದಳು ಅಮ್ಮ. ಹಾಗೆಂದ ಮೇಲೆ ತನ್ನ ಮಾತಿಗೆ ತನಗೇ ನಗು ಬಂದು ಬಾಯಿಗೆ ಸೆರಗು ಒತ್ತಿಕೊಂಡಳು. ಕೋಣೆ ಕಾಯುತ್ತಿತ್ತು. ಅವಳು ಮಗಳನ್ನೊಮ್ಮೆ ನೋಡಿದಳು. ಎದ್ದಳು, ಕೈಚೀಲವನ್ನು ಬೆಂಚಿನ ಮೇಲಿಟ್ಟಳು, ಎಲ್ಲರಿಗೂ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿ ನಿಂತಳು.

ಕತ್ತೆಮರಿ ಮಾತಾಡಿತು. ಆ ಮಾತು ಯಾವ ಕಂತಿನಲ್ಲೂ ಇರಲಿಲ್ಲ.

"ನನ್ನ ಮಗಳು ಜಾಣೆ ಆಗಿದಾಳೆ. ನಾನು ಹೇಳಿಕೊಟ್ಟಿದ್ದಕ್ಕಲ್ಲ."

ಪುರಾವೆ ಎಲ್ಲಿ ಎಂದು ಮೇಡಂ ಕೇಳಲಿಲ್ಲ.